ಸಿಂಗಾಪುರವೋ ನೆದರ್ಲೆಂಡ್ಸೋ: ತೀರ್ಥಹಳ್ಳಿಯಿಂದ ಹೊರಡುವವರಿಗೆ

ಎರಡೂ ಕಡೆ ಕೆಲಸ ದೊರೆತಿರುವ ತೀರ್ಥಹಳ್ಳಿಯ ದಂಪತಿಗಳು, ಇಷ್ಟು ಕಿಕ್ಕಿರಿದ ದೇಶಗಳಲ್ಲಿ ಯಾವುದನ್ನು ಆರಿಸಬೇಕೆಂದು ಕೇಳಿದ್ದಾರೆ. 2011ರ ಜನಗಣತಿಯಂತೆ ಶಿವಮೊಗ್ಗ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ 207 ಜನರಿದ್ದರು. ನೆದರ್ಲೆಂಡ್ಸ್‌ನಲ್ಲಿ ಈಗ 500ಕ್ಕೂ ಹೆಚ್ಚು, ಸಿಂಗಾಪುರದಲ್ಲಿ ಸುಮಾರು 8,000. ಆದರೆ ಬದುಕಿನ ಸುಖದುಃಖಗಳನ್ನು ಈ ಅಂಕಿಗಳಿಗಿಂತ ಹೆಚ್ಚಾಗಿ ನೆಲದ ಬಳಕೆಯೇ ನಿರ್ಧರಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮನೆಯ ವಿಷಯದಲ್ಲಿ ಎರಡೂ ಕಠಿಣ. ಸಿಂಗಾಪುರದ ಬಹುಪಾಲು ನಿವಾಸಿಗಳು ಸರ್ಕಾರಿ ಸಂಸ್ಥೆ ಕಟ್ಟಿಸಿ 99 ವರ್ಷಗಳ ಗುತ್ತಿಗೆಗೆ ಕೊಟ್ಟ ಬಹುಮಹಡಿ ಮನೆಗಳಲ್ಲಿ ನೆಮ್ಮದಿಯಾಗಿದ್ದರೂ, ಹೊರಗಿನಿಂದ ಹೋದವರು ಆ ಸೌಲಭ್ಯವಿಲ್ಲದೆ ದುಬಾರಿ ಬಾಡಿಗೆಯನ್ನೇ ತೆರಬೇಕಾಗುತ್ತದೆ. ನೆದರ್ಲೆಂಡ್ಸ್‌ನಲ್ಲಿ ಮನೆಗಳ ಕೊರತೆಯೇ ತೀವ್ರವಾಗಿದೆ. ಉದ್ಯೋಗದಾತರು ವಸತಿಗೆ ನೆರವಾಗುವರೇ ಎಂದು ಮೊದಲೇ ವಿಚಾರಿಸಿ.

ಓಡಾಟ ಎರಡೂ ಕಡೆ ಸುಗಮ. ಸಿಂಗಾಪುರದಲ್ಲಿ ಕಾರು ಹೊಂದುವ ಹತ್ತು ವರ್ಷಗಳ ಹಕ್ಕನ್ನೇ ಹರಾಜಿನಲ್ಲಿ ಕೊಳ್ಳಬೇಕಾದ್ದರಿಂದ ಮೆಟ್ರೋ ರೈಲೇ ಆಧಾರ. ನೆದರ್ಲೆಂಡ್ಸ್‌ನ ಸಮತಟ್ಟಾದ ನೆಲದಲ್ಲಿ ಮಕ್ಕಳೂ ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಾರೆ.

ಮಲೆನಾಡಿನವರಿಗೆ ಮುಖ್ಯವಾದದ್ದು ಬಯಲು ಮತ್ತು ಹಸಿರು. ನೆದರ್ಲೆಂಡ್ಸ್‌ನ ಅರ್ಧಕ್ಕೂ ಹೆಚ್ಚು ನೆಲ ಕೃಷಿಗೆ ಉಳಿದಿದೆಯಾದರೂ ಚಳಿಗಾಲದ ಹಗಲು ಬಹಳ ಚಿಕ್ಕದು. ಊರಿನ ತಂದೆತಾಯಿಯರನ್ನು ಆಗಾಗ ನೋಡಬೇಕೆನ್ನುವವರಿಗೆ ಹತ್ತಿರದ, ಬೆಚ್ಚಗಿನ ಸಿಂಗಾಪುರ ಒಪ್ಪುತ್ತದೆ. ಚಿಕ್ಕ ಮಕ್ಕಳನ್ನು ತೆರೆದ ಬಯಲಿನಲ್ಲಿ ಬೆಳೆಸಬಯಸುವವರು, ಡಚ್ ಭಾಷೆ ಕಲಿಯಲು ಸಿದ್ಧರಿದ್ದರೆ, ನೆದರ್ಲೆಂಡ್ಸ್‌ಗೆ ಹೋಗಬಹುದು.