ದಲಾಲಿ ಅಂಗಡಿಯ ಲೆಕ್ಕಕ್ಕೆ ಪಿಎಚ್‌ಪಿ: ರೌಂಡ್ ನಂಬಿಗಸ್ತ, ಅರೇ ತುಸು ಮೋಸಗಾರ

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದಕ್ಕೆ ರೈತರ ಲೆಕ್ಕದ ಪಟ್ಟಿ ತೆಗೆಯುವ ಪುಟ್ಟ ವೆಬ್ ತಂತ್ರಾಂಶವನ್ನು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ 8ನೇ ಆವೃತ್ತಿಯಲ್ಲಿ ಬರೆದುಕೊಟ್ಟು ಒಂದು ಹಂಗಾಮು ಕಳೆದಿದೆ. ಈ ಭಾಷೆ ಉಚಿತವಾಗಿ ದೊರೆಯುತ್ತದೆ, ಅಗ್ಗದ ಹೋಸ್ಟಿಂಗ್‌ನಲ್ಲಿಯೂ ನಡೆಯುತ್ತದೆ. ಪೈಸೆಯ ಲೆಕ್ಕಕ್ಕೆ ಅದು ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದನ್ನಷ್ಟೇ ಇಲ್ಲಿ ಪರಿಶೀಲಿಸಿದ್ದೇನೆ.

ಮೊತ್ತವನ್ನು ಹತ್ತಿರದ ಸಂಖ್ಯೆಗೆ ಹೊಂದಿಸುವ ರೌಂಡ್ ಫಂಕ್ಷನ್ (ಭಾಷೆಯಲ್ಲಿ ಸಿದ್ಧವಾಗಿರುವ ಆಜ್ಞೆ) ಕುರಿತು ನನ್ನ ತಕರಾರಿಲ್ಲ. ಮೊತ್ತದ ಜೊತೆಗೆ 2 ಎಂದು ಕೊಟ್ಟರೆ ಪೈಸೆಗೂ, ಏನನ್ನೂ ಕೊಡದಿದ್ದರೆ ಪೂರ್ಣ ರೂಪಾಯಿಗೂ ಅದನ್ನು ಹೊಂದಿಸುತ್ತದೆ. ಸರಿಯಾಗಿ ಅರ್ಧ ಬಂದಾಗ ಸೊನ್ನೆಯಿಂದ ದೂರಕ್ಕೆ ಸರಿಸುವುದರಿಂದ 2.5 ಎಂಬುದು 3 ಆಗುತ್ತದೆ. ಐವತ್ತು ಪೈಸೆ ಅಥವಾ ಹೆಚ್ಚಿದ್ದರೆ ಒಂದು ರೂಪಾಯಿ ಮಾಡಬೇಕು, ಕಡಿಮೆಯಿದ್ದರೆ ಬಿಡಬೇಕು ಎನ್ನುವ ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೇ ಕಲಮಿಗೂ ಇದು ಹೊಂದುತ್ತದೆ. ಆದರೆ ರೌಂಡ್ ಇರಬೇಕಾದಲ್ಲಿ, ಸಂಖ್ಯೆಯನ್ನು ಕೆಳಗಿನ ಪೂರ್ಣಾಂಕಕ್ಕೆ ಇಳಿಸುವ ಫ್ಲೋರ್ ಬಳಸುವವರು ಎಚ್ಚರದಿಂದಿರಬೇಕು: 0.1 ಮತ್ತು 0.7ನ್ನು ಕೂಡಿಸಿ, 10ರಿಂದ ಗುಣಿಸಿ ಫ್ಲೋರ್‌ಗೆ ಕೊಟ್ಟರೆ 8ರ ಬದಲು 7 ಬರುತ್ತದೆ, ಏಕೆಂದರೆ ದಶಾಂಶವನ್ನು ಕಂಪ್ಯೂಟರ್ ದ್ವಿಮಾನದಲ್ಲಿ ಇಟ್ಟುಕೊಳ್ಳುವಾಗ ಕೂದಲೆಳೆಯಷ್ಟು ಕೊರತೆ ಉಳಿದುಬಿಡುತ್ತದೆ.

ನಾನು ಎಡವಿದ್ದು, ಹಲವು ಮಾಹಿತಿಗಳನ್ನು ಒಟ್ಟಿಗೆ ಇಡುವ ಅರೇಯಲ್ಲಿ. ಪಿಎಚ್‌ಪಿಯ ಅರೇ ಎಂದರೆ ಬರೀ ಸಾಲುಪಟ್ಟಿಯಲ್ಲ. ಅದರಲ್ಲಿಟ್ಟ ಪ್ರತಿಯೊಂದು ಮಾಹಿತಿಗೂ ಅದನ್ನು ಗುರುತಿಸುವ ಒಂದು ಕೀಲಿ ಅಂಟಿಕೊಂಡಿರುತ್ತದೆ, ಆ ಕೀಲಿ ಪೂರ್ಣಾಂಕ ಅಥವಾ ಅಕ್ಷರಮಾಲೆ (ಪಠ್ಯದಂತೆ ಇಟ್ಟ ಅಕ್ಷರಗಳ ಸರಣಿ) ಮಾತ್ರ ಆಗಬಲ್ಲದು. ಇದು ಗೊತ್ತಿದ್ದೂ, ಒಬ್ಬ ರೈತರ ಲಾಟುಗಳನ್ನು ಕಿಲೋ ದರವನ್ನೇ ಕೀಲಿಯಾಗಿಸಿ ಜೋಡಿಸಿದ್ದೆ. ಕ್ವಿಂಟಲ್‌ಗೆ 28,509 ಮತ್ತು 28,559 ರೂಪಾಯಿಗೆ ಹೋದ ಎರಡು ಲಾಟುಗಳ ಕಿಲೋ ದರ 285.09 ಮತ್ತು 285.59; ದಶಾಂಶ ಕತ್ತರಿಸಿಹೋಗಿ ಎರಡೂ 285 ಆದವು, ಎರಡನೆಯದು ಮೊದಲನೆಯದರ ಜಾಗದಲ್ಲಿ ಕುಳಿತಿತು. 8.1ರಿಂದ ಈಚೆಗೆ ಭಾಷೆ ಇದಕ್ಕೆ ಒಂದು ಎಚ್ಚರಿಕೆ ಕೊಡುತ್ತದೆಯಾದರೂ ಕೆಲಸ ನಿಲ್ಲಿಸುವುದಿಲ್ಲ, ಆ ಎಚ್ಚರಿಕೆಗಳನ್ನು ನಾನೇ ಮುಚ್ಚಿಟ್ಟಿದ್ದೆ. ಪಟ್ಟಿಯಲ್ಲಿ ಚೀಲಗಳು ಕಡಿಮೆಯಾಗಿವೆ ಎಂದು ಕೈಬರಹದ ವಹಿ ಹಿಡಿದು ತೋರಿಸಿದವರು ಅಂಗಡಿಯ ದಿವಾನಜಿಯವರು. ಅವರ ವಹಿಯ ಮೇಲಿನ ನನ್ನ ಗೌರವ ಅಂದು ಹೆಚ್ಚಿತು.

ವಿಂಗಡಣೆಯ ವಿಷಯದಲ್ಲಿ ಒಂದೇ ಮಾತು: ಸಾರ್ಟ್ ಕೀಲಿಗಳನ್ನು ಅಳಿಸಿಹಾಕುತ್ತದೆ, ಎಸಾರ್ಟ್ ಉಳಿಸಿಕೊಳ್ಳುತ್ತದೆ, ರೈತರ ಹೆಸರೇ ಕೀಲಿಯಾಗಿದ್ದರೆ ಈ ವ್ಯತ್ಯಾಸ ಸಣ್ಣದಲ್ಲ.

ಸಂಖ್ಯೆಗೆ ಅಲ್ಪವಿರಾಮ ಹಾಕಿಕೊಡುವ ನಂಬರ್ ಫಾರ್ಮ್ಯಾಟ್ ಫಂಕ್ಷನ್ ಮಾತ್ರ ನಮ್ಮ ಕಡೆಯ ಪದ್ಧತಿಗೆ ಒಗ್ಗುವುದಿಲ್ಲ. ಒಂದು ಲಕ್ಷವನ್ನು ಅದು 100,000 ಎಂದು ಬರೆಯುತ್ತದೆ, ಅದು ಕೊಡುವುದು ಸಂಖ್ಯೆಯನ್ನಲ್ಲ, ಅಕ್ಷರಮಾಲೆಯನ್ನು. ಅದರಿಂದ ಬಂದ 1,234.50ಕ್ಕೆ ಮತ್ತೊಂದು ಮೊತ್ತವನ್ನು ಕೂಡಿಸಹೊರಟರೆ ಅಲ್ಪವಿರಾಮದ ಮುಂಚಿನ 1 ಮಾತ್ರ ಲೆಕ್ಕಕ್ಕೆ ಬರುತ್ತದೆ. ಲಕ್ಷ, ಕೋಟಿಯ ಅಲ್ಪವಿರಾಮಗಳಿಗೆ ಭಾಷೆಗೆ ಹೆಚ್ಚುವರಿಯಾಗಿ ಸೇರಿಸಿಕೊಳ್ಳುವ ಇಂಟಲ್ (intl) ವಿಸ್ತರಣೆಯ ನಂಬರ್ ಫಾರ್ಮ್ಯಾಟರ್ ಬಳಸುವುದು ಲೇಸು.

ಈಗ ಲಾಟಿನ ಸಂಖ್ಯೆಯೇ ಕೀಲಿ; ಮೊತ್ತಗಳನ್ನೆಲ್ಲ ಪೈಸೆಯ ಪೂರ್ಣಾಂಕಗಳಾಗಿ ಇಟ್ಟು, ಪಟ್ಟಿ ಮುದ್ರಿಸುವಾಗ ಮಾತ್ರ ರೂಪಾಯಿಗೆ ತರುತ್ತೇನೆ. ಮುಂದಿನ ಹಂಗಾಮಿಗೂ ಪಿಎಚ್‌ಪಿಯನ್ನೇ ಉಳಿಸಿಕೊಂಡಿದ್ದೇನೆ, ಆದರೆ ಎಚ್ಚರಿಕೆಗಳನ್ನು ತೆರೆದಿಟ್ಟು.