ಓಡುತ್ತಿರುವ ಗಾಡಿಯ ಬ್ಯಾಟರಿ ವೈರ್ ಬಿಚ್ಚಲು ಬಿಡಬೇಡಿ: ಸಿಂಧನೂರು–ರಾಯಚೂರು ದಾರಿಯಲ್ಲಿ ನಡೆದದ್ದು

ಕರಾವಳಿಯಿಂದ ಗಂಗಾವತಿ, ಸಿಂಧನೂರು ಮೇಲೆ ಮಂತ್ರಾಲಯಕ್ಕೆ ಹೊರಟಿದ್ದ ಒಂದು ಸಣ್ಣ ಪೆಟ್ರೋಲ್ ಕಾರು. ಕಾರಟಗಿ ದಾಟಿದ ಮೇಲೆ ಕೆಂಪು ಬ್ಯಾಟರಿ ದೀಪ ಹತ್ತಿತು, ಆರಿತು, ಮತ್ತೆ ಹತ್ತಿತು. ಸಿಂಧನೂರಿನಲ್ಲಿ ರಸ್ತೆ ಬದಿಗೆ ನಿಲ್ಲಿಸಿ ತೋರಿಸಿದರು. ನೋಡಲು ಬಂದವರು ಮೀಟರ್ ಹಿಡಿಯಲಿಲ್ಲ. ಎಂಜಿನ್ ಚಾಲೂ ಮಾಡಿಸಿ, ರೇಸ್ ಕೊಡಿಸಿ, 10 ನಂಬರ್ ಪಾನಾದಿಂದ ಬ್ಯಾಟರಿಯ ಮೈನಸ್ ವೈರ್ ಬಿಚ್ಚಿದರು. "ಗಾಡಿ ಬಂದ್ ಆಗ್ಲಿಲ್ಲ ನೋಡ್ರಿ ಅಣ್ಣಾರ. ಡೈನಮೋ ಚಲೋ ಐತಿ. ಬ್ಯಾಟ್ರಿನ ಹೋಗೈತಿ, ಹೊಸಾದು ಹಾಕ್ಸ್ರಿ."

ಹೊಸ ಬ್ಯಾಟರಿ ಬಂತು. ಹಳೆಯದನ್ನು ಗುಜರಿ ಬೆಲೆಗೆ ಅಲ್ಲೇ ಬಿಟ್ಟರು. ಕತ್ತಲಾದ ಮೇಲೆ, ಏಸಿ ಹಾಕಿಕೊಂಡು ರಾಯಚೂರಿನ ಕಡೆ ಹೊರಟ ಕಾರು ಮಾನ್ವಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಸತ್ತುಹೋಯಿತು. ಎಂಜಿನ್ ಇಲ್ಲ, ಹೆಡ್‌ಲೈಟ್ ಇಲ್ಲ, ಹಜಾರ್ಡ್ ದೀಪವೂ ಇಲ್ಲ. ಮರುದಿನ ರಾಯಚೂರಿನಲ್ಲಿ ಡೈನಮೋ ಬಿಚ್ಚಿದಾಗ ಸವೆದುಹೋದ ಎರಡು ಕಾರ್ಬನ್ ಬ್ರಷ್ ಸಿಕ್ಕವು. ಕೆಲವೇ ನೂರು ರೂಪಾಯಿಯ ಸಾಮಾನು. ಅದನ್ನು ಹಾಕಿದ ಮೇಲೂ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಜಾರದಂತೆ ತಡೆಯುವ ಏರ್ಪಾಡು) ಮತ್ತು ಪವರ್ ಸ್ಟೇರಿಂಗ್ ದೀಪಗಳು ಆರಲಿಲ್ಲ. ಎರಡರ ಕಂಟ್ರೋಲ್ ಯೂನಿಟ್‌ಗಳೂ ಸುಟ್ಟಿದ್ದವು. ಆ ಖರ್ಚು ಹತ್ತಾರು ಸಾವಿರದ್ದು.

ಸಿಂಧನೂರಿನಲ್ಲಿ ಆದದ್ದು ಮೋಸ ಎಂದು ಹೇಳಲು ಬಾರದು. ಅದು ಹಳೆಯ ಅಭ್ಯಾಸ. ಕಾರ್ಬುರೇಟರ್ ಕಾಲದ ಜೀಪು, ಅಂಬಾಸಿಡರ್‌ಗಳಲ್ಲಿ ಕರೆಂಟಿನ ಏರಿಳಿತಕ್ಕೆ ಸುಡುವಂಥ ಎಲೆಕ್ಟ್ರಾನಿಕ್ ಸಾಮಾನೇ ಇರಲಿಲ್ಲ. ಆಗ ಕಲಿತವರು ಇಂದಿಗೂ ಅದನ್ನೇ ಮಾಡುತ್ತಾರೆ, ಅವರ ಕೈಕೆಳಗಿನ ಹುಡುಗರು ಅದನ್ನೇ ಕಲಿಯುತ್ತಾರೆ. ಆದರೆ ಆ ಪರೀಕ್ಷೆ ಈಗಿನ ಗಾಡಿಗೆ ಅಪಾಯ. ಅದು ಕೊಡುವ ಉತ್ತರವನ್ನೂ ನಂಬುವಂತಿಲ್ಲ.

ಅಪಾಯ ಹೇಗೆ ಎಂದರೆ: ಡೈನಮೋ, ಅಂದರೆ ಆಲ್ಟರ್ನೇಟರ್, ಹುಟ್ಟಿಸುವ ಕರೆಂಟನ್ನು ಬ್ಯಾಟರಿ ನುಂಗುತ್ತಿರುತ್ತದೆ. ಚಾರ್ಜ್ ಇಳಿದ ಬ್ಯಾಟರಿಯಾದರೆ 30–40 ಆಂಪಿಯರ್ ಎಳೆಯುತ್ತಿರಬಹುದು. ಆ ಕ್ಷಣಕ್ಕೆ ವೈರ್ ಬಿಚ್ಚಿದರೆ ಅಷ್ಟೂ ಕರೆಂಟಿಗೆ ಹೋಗಲು ದಾರಿಯಿಲ್ಲ. ಒಳಗಿನ ರೋಟರಿನ ಕಾಂತ ಬಲ ತಕ್ಷಣ ಇಳಿಯುವುದಿಲ್ಲ, ಕಟೌಟ್, ಅಂದರೆ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್, ಎಷ್ಟೇ ಬೇಗ ಕೆಲಸ ಮಾಡಿದರೂ ಅರ್ಧ ಸೆಕೆಂಡಿನ ಒಳಗೆ ವೋಲ್ಟೇಜ್ 14ರಿಂದ ಹತ್ತಾರು ವೋಲ್ಟಿಗೆ ಜಿಗಿಯುತ್ತದೆ. ತಡೆಯಿಲ್ಲದ ಆಲ್ಟರ್ನೇಟರಿನಲ್ಲಿ 80–100 ವೋಲ್ಟ್ ತನಕವೂ ಹೋಗಬಲ್ಲದು. ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಎಬಿಎಸ್, ಮೀಟರ್ ಬೋರ್ಡ್, ಸ್ಟೀರಿಯೊ ಎಲ್ಲವೂ ಅದೇ ಲೈನಿನ ಮೇಲಿವೆ. ಕೆಲವು ಆಲ್ಟರ್ನೇಟರುಗಳಲ್ಲಿ ಏರುವ ವೋಲ್ಟೇಜನ್ನು ಸುಮಾರು 35ರಲ್ಲೇ ಹಿಡಿದು ನಿಲ್ಲಿಸುವ ಡಯೋಡ್ ಇರುತ್ತವೆ. "ನೂರು ಗಾಡಿಗೆ ಹಿಂಗ ಮಾಡೀನಿ, ಏನೂ ಆಗಿಲ್ರಿ" ಎನ್ನುವವರ ಅನುಭವ ಸುಳ್ಳಲ್ಲದಿರುವುದು ಅದಕ್ಕೇ. ನಿಮ್ಮ ಗಾಡಿಯಲ್ಲಿ ಆ ರಕ್ಷಣೆ ಇದೆಯೋ ಇಲ್ಲವೋ ರಸ್ತೆ ಬದಿಯಲ್ಲಿ ಯಾರಿಗೂ ತಿಳಿಯದು.

ಉತ್ತರ ತಪ್ಪಾಗುವುದು ಹೀಗೆ. ಹೊಸ ಕಾರ್ಬನ್ ಬ್ರಷ್ ಹೋಲ್ಡರಿನಿಂದ ಸುಮಾರು 10 ಮಿಲಿಮೀಟರ್ ಹೊರಗಿರುತ್ತದೆ. 5ಕ್ಕಿಂತ ಕಡಿಮೆಯಾದರೆ ಸ್ಪ್ರಿಂಗಿನ ಒತ್ತಡ ಸಾಲದೆ, ರೋಟರಿಗೆ ಕರೆಂಟ್ ಒಯ್ಯುವ ಸ್ಲಿಪ್ ರಿಂಗಿನ ಮೇಲೆ ಒಮ್ಮೆ ಕೂರುತ್ತದೆ, ಒಮ್ಮೆ ಏಳುತ್ತದೆ. ದೀಪ ಹತ್ತಿ ಆರುತ್ತಿದ್ದದ್ದು ಇದೇ ಕಾರಣಕ್ಕೆ. ವೈರ್ ಬಿಚ್ಚಿದ ಆ ನಿಮಿಷದಲ್ಲಿ ಬ್ರಷ್ ಕೂತಿತ್ತು, ಎಂಜಿನ್ ಓಡಿತು, ಡೈನಮೋ ಪಾಸಾಯಿತು.

30 ಸೆಕೆಂಡಿನ ಅಳತೆ ಇದಿಷ್ಟನ್ನೂ ತಪ್ಪಿಸುತ್ತಿತ್ತು. ಮುನ್ನೂರು–ಐನೂರು ರೂಪಾಯಿಯ ಡಿಜಿಟಲ್ ಮಲ್ಟಿಮೀಟರ್ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇರಲಿ. ಗುಬುಟನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ, ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಕಡ್ಡಿ ಮೈನಸ್‌ಗೆ. ಕ್ಲ್ಯಾಂಪಿಗಲ್ಲ, ನಡುವಿನ ಸೀಸದ ಗುಬ್ಬಿಗೇ ಮುಟ್ಟಿಸಿ. ಗಾಡಿ ನಿಂತು ಕೆಲವು ತಾಸಾಗಿದ್ದರೆ ತುಂಬಿದ ಬ್ಯಾಟರಿ 12.6 ತೋರಿಸುತ್ತದೆ. 12.2 ಎಂದರೆ ಅರ್ಧ. 11.8ರ ಕೆಳಗೆ ಖಾಲಿ ಎಂದೇ ಲೆಕ್ಕ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಎಂಜಿನ್ ಓಡುವಾಗ ಸುಮಾರು 13.8ರಿಂದ 14.5 ಬರಬೇಕು. ಹೆಡ್‌ಲೈಟ್, ಬ್ಲೋವರ್, ಹಿಂದಿನ ಗಾಜಿನ ಡಿಫಾಗರ್ ಎಲ್ಲ ಹಾಕಿ ಸ್ವಲ್ಪ ರೇಸ್ ಕೊಟ್ಟಾಗಲೂ 13.5ರ ಮೇಲೇ ನಿಲ್ಲಬೇಕು. ಎಂಜಿನ್ ಓಡುತ್ತಿದ್ದರೂ 12.3, 12.2, 12.1 ಎಂದು ಇಳಿಯುತ್ತಲೇ ಇದ್ದರೆ ಚಾರ್ಜ್ ಆಗುತ್ತಿಲ್ಲ. ಆಗ ಹೊಸ ಬ್ಯಾಟರಿ ಕೊಂಡರೆ ದುಡ್ಡು ದಂಡ. 15 ದಾಟಿದರೆ ಕಟೌಟ್ ಹೋಗಿದೆ, ಬ್ಯಾಟರಿ ಕುದಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಇತ್ತೀಚಿನ ಅನೇಕ ಕಾರುಗಳಲ್ಲಿ ಆಲ್ಟರ್ನೇಟರನ್ನು ಇಸಿಯು ನಡೆಸುತ್ತದೆ. ಬ್ಯಾಟರಿ ತುಂಬಿದ್ದಾಗ ಪೆಟ್ರೋಲ್ ಉಳಿಸಲು ಚಾರ್ಜ್ ಇಳಿಸಿ 12.6–12.8ರಲ್ಲೇ ಬಿಡುವುದುಂಟು. ಹೆಡ್‌ಲೈಟ್ ಹಾಕಿ, ಒಂದೆರಡು ನಿಮಿಷ ಕಾದು ಮತ್ತೆ ನೋಡಿ. ಮೇಲೇರಿದರೆ ದೋಷವಿಲ್ಲ.

ಬಾನೆಟ್ ತೆಗೆದಾಗ ಮೊದಲು ನೋಡಬೇಕಾದದ್ದು ಬೆಲ್ಟ್. ಅನೇಕ ಗಾಡಿಗಳಲ್ಲಿ ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತದೆ. ಬ್ಯಾಟರಿ ದೀಪದ ಜೊತೆಗೆ ಬಿಸಿಯ ಮುಳ್ಳೂ ಏರುತ್ತಿದ್ದರೆ ಬೆಲ್ಟ್ ಹರಿದಿರುವ ಸಂಭವ ಹೆಚ್ಚು. ಅಂಥಾದ್ದರಲ್ಲಿ ಒಂದು ಕಿಲೋಮೀಟರೂ ಓಡಿಸಬಾರದು, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಸುಗ್ಗಿಯಲ್ಲಿ ರಸ್ತೆಯ ಮೇಲೆ ಒಕ್ಕಣೆಗೆ ಹರಡಿದ ಜೋಳ, ಕಡಲೆ, ಹುಲ್ಲಿನ ಮೇಲೆ ಹಾಯ್ದರೆ ದಂಟು ಕೆಳಗಿನಿಂದ ಸುತ್ತಿಕೊಳ್ಳುತ್ತದೆ. ಬಿಸಿ ಸೈಲೆನ್ಸರಿಗೆ ತಾಗಿ ಬೆಂಕಿಯೂ ಹತ್ತಬಲ್ಲದು. ಸುತ್ತಿ ಹೋಗಲು ಜಾಗವಿದ್ದರೆ ಸುತ್ತಿ ಹೋಗಿ. ಇಲ್ಲದಿದ್ದರೆ ದಾಟಿದ ಮೇಲೆ ಇಳಿದು ಕೆಳಗೆ ಬಗ್ಗಿ ನೋಡಿ.

ಬೆಲ್ಟ್ ಸರಿಯಿದೆ, ಆದರೆ ಚಾರ್ಜ್ ಇಲ್ಲ. ಎಷ್ಟು ದೂರ ಹೋಗಬಹುದು? ಲೆಕ್ಕ ಹಾಕಿ. ಪೆಟ್ರೋಲ್ ಪಂಪ್, ಇಗ್ನಿಷನ್, ಇಂಜೆಕ್ಟರ್, ಇಸಿಯು ಎಲ್ಲ ಸೇರಿ ಎಂಜಿನ್ ಜೀವಂತ ಇಡಲು 10–12 ಆಂಪಿಯರ್ ಬೇಕು. ಎರಡು ಹ್ಯಾಲೊಜೆನ್ ಹೆಡ್‌ಲೈಟಿಗೆ 9–10, ಹಿಂದಿನ ದೀಪ, ಮೀಟರ್ ದೀಪಗಳಿಗೆ 2–3. ಏಸಿ ಹಾಕಿದರೆ ಬ್ಲೋವರಿಗೆ 8–10, ಕಂಪ್ರೆಸರ್ ಕ್ಲಚ್ಚಿಗೆ 4, ರೇಡಿಯೇಟರ್ ಫ್ಯಾನಿಗೆ 10ರ ಮೇಲೆ. ಒಟ್ಟು 45ರ ಹತ್ತಿರ. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್ ಅವರ್. ಆ ಅಂಕಿ 20 ತಾಸಿನಲ್ಲಿ ನಿಧಾನವಾಗಿ ಖಾಲಿ ಮಾಡಿದಾಗ ಸಿಗುವುದು. 45 ಆಂಪಿಯರ್ ಎಳೆದರೆ ಅಷ್ಟೂ ಸಿಗುವುದಿಲ್ಲ. ಅಂಗಡಿಯ ಕಪಾಟಿನಿಂದ ಇಳಿಸಿದ ಹೊಸ ಬ್ಯಾಟರಿ ಪೂರ್ತಿ ತುಂಬಿಯೂ ಇರುವುದಿಲ್ಲ. ಹೀಗಾಗಿ ಇಂಥ ಪಯಣಕ್ಕೆ ಹೆಚ್ಚೆಂದರೆ ಮುಕ್ಕಾಲು ತಾಸು ಆಯುಷ್ಯ. ಮಾನ್ವಿ ಹತ್ತಿರ ಕಾರು ನಿಂತದ್ದರಲ್ಲಿ ಆಶ್ಚರ್ಯವಿಲ್ಲ. ಅದೇ ಬ್ಯಾಟರಿಯಲ್ಲಿ ಹಗಲು ಹೊತ್ತು, ಏಸಿ, ಸ್ಟೀರಿಯೊ, ಮೊಬೈಲ್ ಚಾರ್ಜರ್ ಎಲ್ಲ ಬಂದ್ ಮಾಡಿ, ಗಾಜು ಇಳಿಸಿ ಹೊರಟಿದ್ದರೆ ಎರಡು ತಾಸು ಸಿಗುತ್ತಿತ್ತು. ರಾಯಚೂರು ಮುಟ್ಟುತ್ತಿದ್ದರು. ನಡುವೆ ಎಲ್ಲೂ ಎಂಜಿನ್ ಬಂದ್ ಮಾಡಬಾರದು, ಒಂದು ಸಲ ಸೆಲ್ಫ್ ಹೊಡೆಯಲು ನೂರಕ್ಕೂ ಹೆಚ್ಚು ಆಂಪಿಯರ್ ಬೇಕು.

ಸಾಯುವ ಮುಂಚೆ ಗಾಡಿ ಸೂಚನೆ ಕೊಡುತ್ತದೆ. ವೈಪರ್, ಪವರ್ ವಿಂಡೊ ನಿಧಾನವಾಗುತ್ತವೆ, ಹೆಡ್‌ಲೈಟ್ ಹಳದಿಗೆ ತಿರುಗುತ್ತದೆ, ಎಬಿಎಸ್ ದೀಪ ಹತ್ತುತ್ತದೆ, ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್ ಕೈಬಿಟ್ಟು ಚಕ್ರ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅಲ್ಲಿಂದ ಕೆಲವೇ ನಿಮಿಷ. ಸಿಗುವ ಮೊದಲ ಪೆಟ್ರೋಲ್ ಬಂಕಿಗೋ ಢಾಬಾಕ್ಕೋ ಒಳಗೆ ಹೋಗಿಬಿಡಿ. ತುಂಗಭದ್ರಾ ಎಡದಂಡೆಯ ಭತ್ತದ ಸೀಮೆಯಲ್ಲಿ ಅನೇಕ ಕಡೆ ಡಾಂಬರು ಮುಗಿದ ಕೂಡಲೇ ಗದ್ದೆ ಇಲ್ಲವೇ ಕಾಲುವೆ. ರಾತ್ರಿ ಹಿಂದಿನ ದೀಪವಿಲ್ಲದ ಟ್ರಾಕ್ಟರ್ ಟ್ರಾಲಿಗಳು ಓಡಾಡುತ್ತವೆ. ದೀಪವಿಲ್ಲದ ಕಾರು ಆ ರಸ್ತೆಯ ಮೇಲೆ ನಿಲ್ಲುವುದೇ ಎಲ್ಲಕ್ಕಿಂತ ದೊಡ್ಡ ಅಪಾಯ. ನಿಂತೇಬಿಟ್ಟರೆ ಕೆಂಪು ತ್ರಿಕೋನವನ್ನು 50 ಮೀಟರ್ ಹಿಂದೆ ಇಟ್ಟು, ಎಲ್ಲರನ್ನೂ ಇಳಿಸಿ ರಸ್ತೆಯಿಂದ ಆಚೆ ನಿಲ್ಲಿಸಿ. ಹೊಸಪೇಟೆ–ಕೊಪ್ಪಳದ 67, ಕುಷ್ಟಗಿಯ 50, ಬಳ್ಳಾರಿ–ಸಿರುಗುಪ್ಪ–ಸಿಂಧನೂರು–ಮಸ್ಕಿಯ 150ಎ, ಇಂಥ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಬಹುದು. ಎಲ್ಲೇ ಆದರೂ 112 ಇದೆ.

ಬೇರೆ ಗಾಡಿಯಿಂದ ಕರೆಂಟ್ ಕೊಡಿಸುವಾಗಲೂ ಇದೇ ರೀತಿ ಯೂನಿಟ್‌ಗಳು ಸುಡಬಹುದು. ಕ್ರಮ ಹೀಗಿರಲಿ. ಎರಡೂ ಎಂಜಿನ್ ಬಂದ್. ಕೆಂಪು ವೈರ್ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ವೈರ್ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಕೊನೆಯ ತುದಿ ಸತ್ತ ಗಾಡಿಯ ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ. ಕೊನೆಯ ತುದಿ ಮುಟ್ಟಿಸುವಾಗ ಕಿಡಿ ಹಾರುತ್ತದೆ, ಬ್ಯಾಟರಿಯ ಮೇಲೆ ಹೈಡ್ರೋಜನ್ ಅನಿಲ ಇರಬಹುದು. ಒಳ್ಳೆಯ ಗಾಡಿ ಚಾಲೂ ಮಾಡಿ ಐದು–ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆಯಿರಿ. ಬಿಚ್ಚುವಾಗ ಹಾಕಿದ್ದಕ್ಕೆ ಉಲ್ಟಾ ಕ್ರಮ. ಬಿಚ್ಚುವ ಮುಂಚೆ ಚಾಲೂ ಆದ ಗಾಡಿಯ ಹೆಡ್‌ಲೈಟ್, ಬ್ಲೋವರ್ ಹಾಕಿಡಿ, ವೋಲ್ಟೇಜ್ ಜಿಗಿತ ಕಡಿಮೆಯಾಗುತ್ತದೆ. ಪೆಟ್ರೋಲ್ ಕಾರಿಗೆ ವೈರ್ ಕನಿಷ್ಠ 16 ಚದರ ಮಿಲಿಮೀಟರ್, ಡೀಸೆಲ್‌ಗೆ 25 ಇರಲಿ. ದಪ್ಪ ಪ್ಲಾಸ್ಟಿಕ್ಕಿನೊಳಗೆ ನೂಲಿನಂಥ ತಂತಿ ಇಟ್ಟ ಅಗ್ಗದ ವೈರ್ ಬಿಸಿಯಾಗುತ್ತದೆ, ಗಾಡಿ ಚಾಲೂ ಆಗುವುದಿಲ್ಲ. ಲಾರಿಗೆ 24 ವೋಲ್ಟ್, ಅದರಿಂದ ಕಾರಿಗೆ ಕರೆಂಟ್ ತೆಗೆದುಕೊಳ್ಳಲೇಬೇಡಿ. ಸಹಾಯಕ್ಕೆ ಬಂದ ಡ್ರೈವರಣ್ಣ ಎಷ್ಟೇ ಧೈರ್ಯ ಹೇಳಲಿ.

ಫ್ಯೂಸ್ ಹೋದರೆ ಅದೇ ಅಂಕಿಯದ್ದನ್ನೇ ಹಾಕಿ: ಕೆಂಪು 10, ನೀಲಿ 15, ಹಳದಿ 20, ಹಸಿರು 30. ಸಿಗರೇಟು ಪೊಟ್ಟಣದ ಬೆಳ್ಳಿ ಹಾಳೆ, ತಾಮ್ರದ ಎಳೆ ಸುತ್ತಿದರೆ ಮುಂದೆ ಸುಡುವುದು ವೈರಿಂಗ್.

ಬಳ್ಳಾರಿ, ರಾಯಚೂರು ಸೀಮೆಗೆ ಬೇಸಿಗೆಯಲ್ಲಿ ಬರುವವರಿಗೆ ಇನ್ನೊಂದು ಮಾತು. ಹೊರಗೇ 40 ದಾಟಿದ ಬಿಸಿಲಿರುವಾಗ ಬಾನೆಟ್ ಒಳಗೆ ಅದಕ್ಕೂ ಹೆಚ್ಚು. ಉಷ್ಣತೆ 10 ಡಿಗ್ರಿ ಏರಿದರೆ ಬ್ಯಾಟರಿಯ ಬಾಳಿಕೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ತಂಪು ಊರಿನಲ್ಲಿ ಹೇಗೋ ನಡೆದುಕೊಂಡಿದ್ದ ಮೂರು ವರ್ಷದ ಬ್ಯಾಟರಿ ಇಲ್ಲಿ ಒಂದೇ ವಾರದಲ್ಲಿ ಕೈಕೊಡುವುದು ಇದಕ್ಕೇ. ಮುಚ್ಚಳವಿರುವ ಬ್ಯಾಟರಿಯಾದರೆ ಹೊರಡುವ ಮುಂಚೆ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ. ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಕೆಂಪು ಧೂಳು ಆಲ್ಟರ್ನೇಟರಿನ ಗಾಳಿಕಂಡಿಗಳಲ್ಲಿ ಕೂತು ಕಾರ್ಬನ್, ಬೇರಿಂಗ್ ಎರಡನ್ನೂ ಉಜ್ಜಿ ಸವೆಸುತ್ತದೆ. ಗಂಗಾವತಿ, ಸಿಂಧನೂರಿನ ರೈಸ್ ಮಿಲ್ಲುಗಳ ಹತ್ತಿರ ರಾತ್ರಿ ಗಾಡಿ ನಿಲ್ಲಿಸಿದರೆ ಬೆಳಿಗ್ಗೆ ಬಾನೆಟ್ ತೆಗೆದು ನೋಡುವುದು ಒಳ್ಳೆಯದು, ಇಲಿ ಹೆಗ್ಗಣಗಳಿಗೆ ವೈರ್ ಕಡಿಯಲು ಒಂದು ರಾತ್ರಿ ಸಾಕು.

ಹೊಸ ಬ್ಯಾಟರಿ ಕೊಳ್ಳಲೇಬೇಕಾದರೆ ಪ್ಲಸ್, ಮೈನಸ್ ಗುಬ್ಬಿಗಳು ಹಳೆಯದರಂತೆಯೇ ಇವೆಯೇ ನೋಡಿ. ಎಡ ಬಲ ಅದಲುಬದಲಾದ ಮಾದರಿಗಳು ಒಂದೇ ಅಳತೆಯಲ್ಲಿ ಬರುತ್ತವೆ. ಒಂದು ಕ್ಷಣ ಉಲ್ಟಾ ಮುಟ್ಟಿದರೂ ಆಲ್ಟರ್ನೇಟರಿನ ಡಯೋಡ್‌ಗಳು ಸುಡುತ್ತವೆ. ವಾರಂಟಿ ಕಾರ್ಡಿಗೆ ದಿನಾಂಕ, ಸೀಲು ಹಾಕಿಸಿಕೊಳ್ಳಿ. ಹಳೆಯದನ್ನು ಕೊಡುವ ಮುಂಚೆ ಚಾರ್ಜಿಗೆ ಹಾಕಿಸಿ ನೋಡಿ. ಆ ಕಾರಿನದು ಬಹುಶಃ ಬರೀ ಖಾಲಿಯಾಗಿತ್ತು, ಕೆಟ್ಟಿರಲಿಲ್ಲ.

ಡೈನಮೋ ಬಿಚ್ಚಿಸುವುದಾದರೆ ಎಂಜಿನ್ ಬಂದ್ ಮಾಡಿ, ಕೀಲಿ ತೆಗೆದು, ಮೊದಲು ಬ್ಯಾಟರಿಯ ಮೈನಸ್ ಬಿಚ್ಚಬೇಕು. ಅದರ ಮೇಲಿನ ಚೀಟಿಯ ನಂಬರಿನ ಫೋಟೊ ತೆಗೆದಿಡಿ, ವಾಪಸ್ ಬರುವುದು ನಿಮ್ಮದೇ ಎಂದು ತಿಳಿಯಲು. ಹಳೆಯ ಕಾರ್ಬನ್ ತುಂಡುಗಳನ್ನು ಕೇಳಿ ತೆಗೆದುಕೊಳ್ಳಿ. ಕೂಡಿಸಿದ ಮೇಲೆ ಎಂಜಿನ್ ಚಾಲೂ ಮಾಡಿ ಮೀಟರನ್ನು ಎಸಿ (ಪರ್ಯಾಯ ವಿದ್ಯುತ್) ವೋಲ್ಟಿಗೆ ತಿರುಗಿಸಿ ಬ್ಯಾಟರಿಯ ಮೇಲೆ ಹಿಡಿಯಿರಿ. 0.5ಕ್ಕಿಂತ ಹೆಚ್ಚು ಬಂದರೆ ಡಯೋಡ್ ಹೋಗಿದೆ, ಇಂದು ಚಾರ್ಜ್ ಆದರೂ ರಾತ್ರಿ ಬ್ಯಾಟರಿ ಸೋರಿಹೋಗುತ್ತದೆ. ಅಗ್ಗದ ಮೀಟರುಗಳು ಈ ಅಳತೆಯಲ್ಲಿ 28–30 ತೋರಿಸಿ ಹೆದರಿಸುವುದುಂಟು. ಕಡ್ಡಿ ಅದಲುಬದಲು ಮಾಡಿದಾಗ ಸೊನ್ನೆ ಬಂದರೆ ಅದು ಮೀಟರಿನ ದೋಷ, ಗಾಡಿಯದಲ್ಲ.