ಅಂಡರ್ ಬಾಡಿ ಕೋಟಿಂಗ್ ಮಾಡಿಸುವ ಮುಂಚೆ ಇದನ್ನು ಓದಿ: ನನ್ನ ಜೀಪಿನ ಚಾಸಿ ತೂತಾದ ಕಥೆ

ಕ್ಲಚ್ ಪ್ಲೇಟ್ ಹಾಕಿಸಲು ಕಲಾಸಿಪಾಳ್ಯದ ಹತ್ತಿರದ ಒಂದು ಗ್ಯಾರೇಜಿಗೆ ಗಾಡಿ ಬಿಟ್ಟಿದ್ದೆ. ಲಿಫ್ಟ್ ಮೇಲೆ ಏರಿಸಿದಾಗ ಅಡಿಭಾಗವೆಲ್ಲ ಕಪ್ಪಗೆ, ನುಣ್ಣಗೆ ಕಾಣುತ್ತಿತ್ತು. ಎರಡೂವರೆ ವರ್ಷದ ಹಿಂದೆ ತುಕ್ಕು ಹಿಡಿಯದಿರಲಿ ಅಂತ ಗಾಡಿಯ ಅಡಿಗೆ ರಬ್ಬರ್ ಡಾಂಬರಿನ ಕೋಟಿಂಗ್ ಮಾಡಿಸಿದ್ದೆನಲ್ಲ, ಸ್ವಲ್ಪ ಹೆಮ್ಮೆಯಿಂದಲೇ ನೋಡುತ್ತಾ ನಿಂತಿದ್ದೆ. ಮೇಸ್ತ್ರಿ ಸ್ಪ್ಯಾನರ್‌ನಿಂದ ಚಾಸಿಗೆ, ಅಂದರೆ ಗಾಡಿಯ ಭಾರ ಹೊರುವ ಉಕ್ಕಿನ ಚೌಕಟ್ಟಿಗೆ, ಅಲ್ಲಲ್ಲಿ ತಟ್ಟುತ್ತಾ ಹೋದರು. ಹಿಂದಿನ ಲೀಫ್ ಸ್ಪ್ರಿಂಗ್ ಕೂರುವ ಬ್ರಾಕೆಟ್ ಹತ್ತಿರ ಟಣ್ ಅನ್ನಬೇಕಾದದ್ದು ದಬ್ ಅಂದಿತು. ಅಲ್ಲಿಗೆ ಸ್ಕ್ರೂಡ್ರೈವರ್ ಇಟ್ಟು ಸುಮ್ನೆ ಒತ್ತಿದರು. ಹಿಡಿಯ ತನಕ ಒಳಗೆ ಹೋಯಿತು.

"ಇದು ಚಾಸಿ ಅಲ್ಲ ಸಾರ್, ಹಪ್ಪಳ" ಅಂದರು.

ಆಮೇಲೆ ಕೋಟಿಂಗ್‌ನ ಅಂಚು ಹಿಡಿದು ಎಳೆದರು. ಕಾವಲಿಯಿಂದ ದೋಸೆ ಎದ್ದ ಹಾಗೆ ಇಡೀ ಹಾಳೆ ಬಿಟ್ಟುಕೊಂಡು ಬಂತು. ಕೆಳಗೆ ಪದರು ಪದರಾಗಿ ತುಕ್ಕು. ತುಕ್ಕಿನ ಮಧ್ಯೆ ಮರಳು. ಬೆಂಗಳೂರಿನ ಮಣ್ಣಲ್ಲ, ಕುಂದಾಪುರದ ಕಡೆಯ ಸಮುದ್ರದ ಮರಳು.

ಆ ಮರಳು ಅಲ್ಲಿಗೆ ಬಂದದ್ದು ನನ್ನಿಂದಲೇ. ಅದೊಂದು ಡಿಸೆಂಬರ್‌ನಲ್ಲಿ ನಾಲ್ಕು ಜನ ಸೇರಿ ಮರವಂತೆ ಕಡೆ ಹೋಗಿದ್ದೆವು. ಫೋರ್ ವೀಲ್ ಡ್ರೈವ್ ಇದೆ ಅನ್ನುವ ಕೊಬ್ಬು, ನೀರಿನಂಚಿನಲ್ಲೇ ಗಾಡಿ ಓಡಿಸಿದೆವು. ಎರಡು ಮೂರು ಅಲೆ ಡಿಫರೆನ್ಷಿಯಲ್ (ಚಕ್ರಗಳ ನಡುವಿನ ಗೇರಿನ ಉಂಡೆ) ತನಕ ಬಂದು ಹೋದವು. (ಕಡಲಾಮೆಗಳು ಮೊಟ್ಟೆ ಇಡುವ ಕರಾವಳಿ ಅದು. ಗಾಡಿಯ ಮಾತು ಬಿಡಿ, ಹಾಗೆ ಓಡಿಸಿದ್ದೇ ತಪ್ಪು. ಈಗ ಮಾಡುವುದಿಲ್ಲ.) ಮಾರನೇ ದಿನ ಶಿರಾಡಿ ಘಾಟ್ ಹತ್ತಿ ಮನೆಗೆ ಬಂದೆವು. ಎರಡು ದಿನ ಬಿಟ್ಟು ವಾಟರ್ ಸರ್ವೀಸ್ ಮಾಡಿಸಿದೆ. ಹುಡುಗ ಬದಿಯಿಂದ ಪ್ರೆಶರ್ ಪೈಪ್ ಹಿಡಿದು ಹತ್ತು ನಿಮಿಷದಲ್ಲಿ ಮುಗಿಸಿದ. ಬಾನೆಟ್ ಪಳಪಳ ಹೊಳೆಯಿತು. ನನಗೆ ಅಷ್ಟೇ ಸಾಕಾಗಿತ್ತು.

ಮುಂದಿನ ವಾರ ಕೋಟಿಂಗ್ ಅಂಗಡಿಗೆ ಹೋದೆ. ಹೆಸರು ಬೇಡ. ಬೆಳಗ್ಗೆ ಹತ್ತಕ್ಕೆ ಬಿಟ್ಟ ಗಾಡಿಯನ್ನು ಒಂದೂವರೆಗೆ ವಾಪಸ್ ಕೊಟ್ಟರು. ಮೂರೂವರೆ ಗಂಟೆಯಲ್ಲಿ ತೊಳೆದು, ಒಣಗಿಸಿ, ಬ್ರಷ್ ಹಾಕಿ, ಸ್ಪ್ರೇ ಮಾಡಿ ಮುಗಿಸಲು ಆಗುತ್ತದಾ? ಆಗಲೇ ಕೇಳಬೇಕಿತ್ತು. 4,500 ರೂಪಾಯಿ ಕೊಟ್ಟು, ಐದು ವರ್ಷದ ವಾರಂಟಿ ಕಾರ್ಡ್ ಜೇಬಿಗಿಟ್ಟುಕೊಂಡು ಬಂದೆ.

ಒಳಗೆ ಏನಾಯಿತು ಅಂತ ಮೇಸ್ತ್ರಿ ವಿವರಿಸಿದ ಮೇಲೆ ಅರ್ಥವಾಯಿತು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನೀರು ಆರಿದರೂ ಉಪ್ಪು ಸಂದಿಯಲ್ಲೇ ಕೂತಿರುತ್ತದೆ. ಅಡುಗೆಮನೆಯ ಉಪ್ಪಿನ ಡಬ್ಬಿ ಮಳೆಗಾಲದಲ್ಲಿ ನೀರೊಡೆಯುವುದನ್ನು ನೋಡಿದ್ದೀರಲ್ವಾ? ಗಾಳಿಯ ತೇವ ಶೇ 75ರ ಆಸುಪಾಸು ದಾಟಿದರೆ ಉಪ್ಪು ತಾನೇ ನೀರು ಎಳೆದುಕೊಳ್ಳುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುವುದರಿಂದ ಅದು ಇನ್ನೂ ಕಡಿಮೆ ತೇವದಲ್ಲೇ ಒದ್ದೆಯಾಗುತ್ತದೆ. ಜುಲೈನ ಬೆಂಗಳೂರು, ಅಪಾರ್ಟ್‌ಮೆಂಟಿನ ಬೇಸ್‌ಮೆಂಟು, ಮೇಲೊಂದು ಕಾರ್ ಕವರ್. ಮಳೆಗೆ ಗಾಡಿ ತೆಗೆಯದಿದ್ದರೂ ಚಾಸಿ ಒದ್ದೆಯಾಗಿಯೇ ಇತ್ತು. ತುಕ್ಕು ಹಿಡಿಯುವಾಗ ಕಬ್ಬಿಣದಲ್ಲಿ ಸಣ್ಣ ಕರೆಂಟು ಹರಿಯುತ್ತದೆ. ಉಪ್ಪುನೀರು ಕರೆಂಟನ್ನು ಚೆನ್ನಾಗಿ ಹರಿಸುತ್ತದೆ, ಹಾಗಾಗಿ ಕಬ್ಬಿಣ ಬೇಗ ತಿಂದುಹೋಗುತ್ತದೆ. ಅಂಗಡಿಯವರು ಆ ಉಪ್ಪು, ಮರಳಿನ ಮೇಲೆಯೇ ರಬ್ಬರ್ ಡಾಂಬರು ಹೊಡೆದಿದ್ದರು. ಕಲ್ಲು ಸಿಡಿದು ಎಲ್ಲೋ ಒಂದು ಕಡೆ ಬಿರುಕು ಬಿಟ್ಟಿದೆ. ಅಲ್ಲಿಂದ ನೀರು, ಗಾಳಿ ಒಳಗೆ ಹೋಗಿವೆ. ಹೋದ ನೀರಿಗೆ ಹೊರಗೆ ಬರಲು ದಾರಿಯಿಲ್ಲ.

ಇದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿತ್ತು. ಚಾಸಿ ಒಳಗೆ ಟೊಳ್ಳು, ಪೆಟ್ಟಿಗೆಯ ಹಾಗೆ. ಒಳಗೆ ಸೇರಿದ ನೀರು ಇಳಿದುಹೋಗಲಿ ಅಂತ ಕೆಳಗೆ ಅಲ್ಲಲ್ಲಿ ತೂತು ಬಿಟ್ಟಿರುತ್ತಾರೆ. ಸ್ಪ್ರೇ ಮಾಡಿದವನು ಆ ತೂತುಗಳನ್ನೂ ಮುಚ್ಚಿಬಿಟ್ಟಿದ್ದ! ತುಕ್ಕು ಒಳಗಿನಿಂದ ತಿನ್ನುತ್ತಾ ಬಂತು. ಹೊರಗೆ ಮಾತ್ರ ಕಪ್ಪಗೆ ಹೊಳೆಯುತ್ತಿತ್ತು. ಕೋಟಿಂಗ್ ಇಲ್ಲದಿದ್ದರೆ ಮೊದಲ ಸರ್ವೀಸ್‌ನಲ್ಲೇ ಯಾರಾದರೂ ನೋಡಿ ಹೇಳುತ್ತಿದ್ದರೇನೋ.

ಬ್ರೇಕ್ ಪೈಪ್ ವಿಷಯ ಹೇಳಿದರೆ ಈಗಲೂ ಕೈ ತಣ್ಣಗಾಗುತ್ತದೆ. ಚಾಸಿ ಉದ್ದಕ್ಕೂ ಹಿಂದಕ್ಕೆ ಹೋಗುವ ಉಕ್ಕಿನ ಪೈಪಿಗೂ ಅದೇ ಕಪ್ಪು ಬಳಿದಿದ್ದರು. ಕ್ಲಿಪ್ ಬಿಚ್ಚಿ ನೋಡಿದರೆ ಅದರಡಿ ಪೈಪ್ ಗುಳಿ ಬಿದ್ದು ತೆಳ್ಳಗಾಗಿತ್ತು. ಅದೇ ಪೈಪ್ ನಂಬಿಕೊಂಡು ಮಕ್ಕಳನ್ನು ಕೂರಿಸಿ ಹೋದ ಮೇ ತಿಂಗಳು ಘಾಟ್ ಇಳಿದಿದ್ದೆ.

ವಾರಂಟಿ ಕಾರ್ಡ್ ಹಿಡಿದು ಅಂಗಡಿಗೆ ಹೋದೆ. ಆರು ತಿಂಗಳಿಗೊಮ್ಮೆ ಬಂದು ಚೆಕ್ ಮಾಡಿಸಿಲ್ಲ, ಹಾಗಾಗಿ ವಾರಂಟಿ ಇಲ್ಲ ಅಂದರು. ಕಾರ್ಡಿನ ಹಿಂದೆ ಇರುವೆಯಂಥ ಅಕ್ಷರದಲ್ಲಿ ಬರೆದಿತ್ತು. ಜಗಳ ಆಡಿದೆ, ಏನೂ ಪ್ರಯೋಜನ ಆಗಲಿಲ್ಲ. ಕೊಳೆತ ಭಾಗ ಕತ್ತರಿಸಿ, ಹೊಸ ಪ್ಲೇಟ್ ವೆಲ್ಡ್ ಮಾಡಿ, ಬ್ರೇಕ್ ಪೈಪ್ ಬದಲಾಯಿಸಿ ಒಟ್ಟು 41,000 ರೂಪಾಯಿ, ಮೂರು ವಾರ. ಗಾಡಿಗೆ ಮುಂದಿನ ವರ್ಷ 15 ತುಂಬುತ್ತದೆ, ನೋಂದಣಿ ನವೀಕರಣಕ್ಕೆ ಆರ್‌ಟಿಒಗೆ ತೋರಿಸಬೇಕು. ಹಾಗಾಗಿ ತೇಪೆ ಕೆಲಸ ಬೇಡ ಅಂದೆ.

ಕೋಟಿಂಗೇ ಮೋಸ ಅಂತ ನಾನು ಹೇಳುತ್ತಿಲ್ಲ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಕೆನಡಾದಂಥ ದೇಶಗಳಲ್ಲಿ ಇದು ದೊಡ್ಡ ವಿಷಯ. ಅಲ್ಲಿನ ವಿಡಿಯೊ ತೋರಿಸಿ ನಮ್ಮಲ್ಲಿ ಹೆದರಿಸುತ್ತಾರೆ. ಬೆಂಗಳೂರು, ಕೋಲಾರ, ತುಮಕೂರು ಬಿಟ್ಟು ಹೋಗದ ಗಾಡಿಗೆ ವರ್ಷಕ್ಕೆರಡು ಸಲ ಅಡಿ ತೊಳೆಸಿ, ಏಟು ಬಿದ್ದ ಕಡೆ ಪ್ರೈಮರ್ ಬಳಿದರೆ ಸಾಕು ಅಂತ ನನ್ನ ಅನಿಸಿಕೆ. ಕರಾವಳಿಗೆ ಓಡಾಡುವವರ ಕಥೆ ಬೇರೆ. ಬೀಚಿಗೆ ಇಳಿಯದಿದ್ದರೂ ಹೆದ್ದಾರಿಯಲ್ಲಿ ಮೀನಿನ ಲಾರಿ ಹಿಂದೆ ಹೋದರೆ ಉಪ್ಪುನೀರಿನ ಸ್ನಾನ ಆಗುತ್ತದೆ.

ಈಗ ನಾನು ಬೆಂಗಳೂರಿಗೆ ಬರುವ ತನಕ ಕಾಯುವುದಿಲ್ಲ. ಕುಂದಾಪುರವೋ ಮಂಗಳೂರೋ, ಅಲ್ಲೇ ಅದೇ ದಿನ ತೊಳೆಸುತ್ತೇನೆ. ರ‍್ಯಾಂಪ್ ಇರುವ ಕಡೆಯೇ ಆಗಬೇಕು. ಚಾಸಿಯ ತೂತುಗಳಿಗೆ ಸಾದಾ ಪೈಪ್ ತೂರಿಸಿ, ಕೆಳಗಿನಿಂದ ತಿಳಿ ನೀರು ಬರುವ ತನಕ ಬಿಡಿಸುತ್ತೇನೆ. ಕಲ್ಲೇಟು ತಡೆಯಲು ಅಡಿಗೆ ಹಾಕಿರುವ ಸ್ಕಿಡ್ ಪ್ಲೇಟ್ ಬಿಚ್ಚಿಸುತ್ತೇನೆ, ಅದರ ಮೇಲೆ ಕೆಜಿಗಟ್ಟಲೆ ಮಣ್ಣು ಕೂತಿರುತ್ತದೆ. ಬೇರಿಂಗ್, ವೈರ್ ಕನೆಕ್ಟರ್ ಹತ್ತಿರ ಪ್ರೆಶರ್ ಬೇಡ. ಮನೆಗೆ ಬಂದ ಮೇಲೆ ಒಂದು ದಿನ ಬಿಸಿಲಲ್ಲಿ ನಿಲ್ಲಿಸಿ, ಆಮೇಲೆ ಬೇಸ್‌ಮೆಂಟು. ಅಲೆಗೆ ಸಿಕ್ಕಿದ್ದರೆ ಡಿಫರೆನ್ಷಿಯಲ್ ಆಯಿಲ್ ಕೂಡ ನೋಡಿ. ಹಾಲು ಬೆರೆಸಿದ ಹಾಗಿದ್ದರೆ ನೀರು ಸೇರಿದೆ ಅಂತ ಅರ್ಥ.

ಕೋಟಿಂಗ್ ಮಾಡಿಸುವುದೇ ಆದರೆ ಎರಡು ದಿನ ಗಾಡಿ ಬಿಡಿ. ತೊಳೆದು, ಒಣಗಿಸಿ, ತುಕ್ಕು ಉಜ್ಜಿ, ಪ್ರೈಮರ್ ಹಾಕಿದ ಮೇಲೆ ಸ್ಪ್ರೇಗೆ ಮುಂಚೆ ಫೋಟೊ ಕಳಿಸಿ ಅನ್ನಿ. ಮುಖ ಸಿಂಡರಿಸಿದರೆ ಗಾಡಿ ವಾಪಸ್ ತನ್ನಿ. ಚಾಸಿ ಒಳಗೆ ಡಾಂಬರು ಬೇಡ, ಉದ್ದ ಪೈಪಿನಲ್ಲಿ ಮೇಣದಂಥದ್ದು ಹೊಡೆಯುತ್ತಾರೆ, ಅದನ್ನು ಕೇಳಿ. ಸೈಲೆನ್ಸರ್, ಬ್ರೇಕ್ ಡಿಸ್ಕ್ ಮೇಲೆ ಏನೂ ಬೀಳಬಾರದು. ಮುಗಿದ ಮೇಲೆ ಕೆಳಗೆ ನುಗ್ಗಿ ತೂತುಗಳನ್ನು ನೀವೇ ಎಣಿಸಿ.

ಎಡಗಡೆ ಕೆಲಸ ಮುಗಿದಿದೆ. ಬಲಗಡೆ ಬಾಡಿ ಚಾಸಿಗೆ ಕೂರುವ ಜಾಗದ (ಬಾಡಿ ಮೌಂಟ್) ಹತ್ತಿರ ಮೊನ್ನೆ ತಟ್ಟಿ ನೋಡಿದೆ, ಸಣ್ಣಗೆ ದಬ್ ಅನ್ನುತ್ತಿದೆ. ಶನಿವಾರ ಮತ್ತೆ ಲಿಫ್ಟ್ ಏರಬೇಕು.